ಯಾದಿಯ ಮೊದಲ ಹೆಸರು

“ಕಸಬರಗಿ ಹಿಡಿಯೋ ರಂಡೇರಿಗಿ ಗುಟ್ಟು ಯಾತರದ್ದು? ಅವರ ಫೋನಿನ್ಯಾಗ ಏನದ? ನಿಜಾಮನ ಖಜಾನಿ ಅದ ಏನು?”

ಗುತ್ತೇದಾರ ಓಂಪ್ರಕಾಶ ಕಾಗದವನ್ನು ಮಹಾಮಾಯಾಳ ಮುಖದತ್ತ ಎಸೆದ. ಅದು ಅವಳಿಗೆ ತಾಗದೆ, ಫ್ಯಾನಿನ ಗಾಳಿಗೆ ತಿರುಗಿ ಅವನದೇ ಚಹಾದ ಬಸಿಯಲ್ಲಿ ಬಿತ್ತು. ಮಹಾಮಾಯಾ ತುಟಿ ಕಚ್ಚಿ ಹಿಡಿದಳು. ಈ ಹಾಳು ನಗು ಅವಳ ಜನ್ಮಕ್ಕಂಟಿದ ವೈರಿ. ಬರಬಾರದ ಹೊತ್ತಿಗೇ ಬರುತ್ತದೆ.

ಎರಡು ದಿನ ಕೂತು ಬರೆದ ಕಾಗದ ಅದು. ಬೀದರಿನ ನೌಬಾದದಲ್ಲಿ ಓಂಪ್ರಕಾಶನ ಆಫೀಸು. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ದೊಡ್ಡ ಕಚೇರಿಗಳ ಕಸ ಗುಡಿಸುವ, ಸಂಡಾಸ ತೊಳೆಯುವ ಗುತ್ತೆ ಅವನದು. ನಾಲ್ಕು ಕಂಪ್ಯೂಟರು, ನಲವತ್ತೊಂದು ಫೋನು. ಕಂಪ್ಯೂಟರು ಅವನವು, ಫೋನು ಮಾತ್ರ ಕೆಲಸದ ಹೆಂಗಸರು ತಮ್ಮ ಹೊಟ್ಟೆ ಕಟ್ಟಿ ಕೊಂಡವು. ಇವನ್ನೆಲ್ಲ ಒಂದೇ ಕಡೆ ಕೂತು ಕಾಯುವ, ಯಾವುದು ಎಲ್ಲಿದೆ ಅಂತ ನೋಡುವ, ಬೇಕಾದಾಗ ಕೀಲಿ ಹಾಕುವ ವ್ಯವಸ್ಥೆಯೊಂದನ್ನು ಆರಿಸು ಅಂತ ಅವನೇ ಹೇಳಿದ್ದ. ಮಹಾಮಾಯಾ ಬಿಸಿಎ ಓದಿದವಳು, ದಿನಾ ಔರಾದದಿಂದ ಬಸ್ಸಿಗೆ ಬಂದು ಆಫೀಸಿನ ಕಂಪ್ಯೂಟರೆಲ್ಲ ನೋಡಿಕೊಳ್ಳುವವಳು. ಮೂರು ಕಂಪನಿಗಳ ಸರಕು ತೂಗಿ ನೋಡಿದ್ದಳು. ಒಂದನೆಯದಕ್ಕೆ ಮಾಲೀಕನೇ ಎಲ್ಲರಿಗೂ ಫೋನು ಕೊಡಿಸಬೇಕು. ಎರಡನೆಯದು ಫೋನಿನೊಳಗೆ ಕೆಲಸಕ್ಕಂತ ಬೇರೆ ಕೋಣೆ ಕಟ್ಟಿ, ಹಾಜರಿ ಅಷ್ಟನ್ನೇ ನೋಡುತ್ತದೆ. ಮನೆಯ ಮಾತು, ಮಕ್ಕಳ ಫೋಟೊ ಮುಟ್ಟುವುದಿಲ್ಲ. ಮೂರನೆಯದು ಇಡೀ ಫೋನಿನ ಕುತ್ತಿಗೆಗೇ ಕೈಹಾಕುತ್ತದೆ. ಎರಡನೆಯದೇ ಬರೊಬ್ಬರಿ ಅಂತ ಅವಳು ಬರೆದಿದ್ದಳು.

ಓಂಪ್ರಕಾಶ ಒದ್ದೆ ಕಾಗದ ಎತ್ತಿ ಜಾಡಿಸಿದ. “ಮೂರನೇದ್ದು ಏನ್ ಮಾಡ್ತದ?”

“ಕೆಲಸದ ಜಾಗಾದ ಸುತ್ತ ಐವತ್ತು ಮೀಟರ್ ಹದ್ದು ಹಾಕ್ತದರಿ. ಹತ್ತು ನಿಮಿಷ ಹೊರಗಿದ್ರ ಫೋನು ಬೊಬ್ಬಿ ಹೊಡೀತದ, ಗೈರಹಾಜರಿ ಬೀಳ್ತದ. ಇಟ್ಟು ಹೋದ್ರೂ ನಡ್ಯಂಗಿಲ್ಲ, ಪಾವ್ ತಾಸಿಗೊಮ್ಮೆ ಅದಕ್ಕ ಮಾರಿ ತೋರಿಸ್ಬೇಕು.”

“ಹಾಂ! ಇದು ಗಂಡಸು. ಇದನ್ನೇ ಹಾಕು.”

“ಸಾವ್ಕಾರ್ರ, ಔರಾದದಾಗ, ಭಾಲ್ಕ್ಯಾಗ ನಮ್ಮ ಹೆಣಮಕ್ಕಳಿಗಿ ಸಂಡಾಸ ಇಲ್ರಿ. ತೊಳಿಯೋರು ಅವರೇ, ತೊಳದ ಮ್ಯಾಲ ಅಲ್ಲಿನವರು ಕೀಲಿ ಹಾಕ್ತಾರ. ಒಂದಕ್ಕ ಹೋಗ್ಬೇಕಂದ್ರ ಎರಡು ಓಣಿ ದಾಟ್ಬೇಕು. ಹತ್ತು ನಿಮಿಷದಾಗ ಆಗಂಗಿಲ್ರಿ.”

“ಮನ್ಯಾಗ ಮುಗಿಸ್ಕೊಂಡ್ ಬರ್ಲಿ! ನಾ ಏನ್ ಅವರ ಉಚ್ಚಿ ಲೆಕ್ಕ ಬರಕೋತ ಕೂಡ್ಲೇನು? ಹೇಳ್ದಷ್ಟು ಮಾಡು. ನಾಕು ಅಕ್ಷರ ಕಲ್ತ ಕೂಡ್ಲೇ ನಿಮ್ಮಂಥೋರಿಗಿ ನಾಲಿಗಿ ಉದ್ದ ಆಗ್ತದ.”

ಬೈಗುಳ ಅವಳಿಗೆ ಹೊಸದಲ್ಲ. ಆದರೆ ಆ ದಿನ ಬಸ್ಸಿನಲ್ಲಿ ಕೂತಾಗ ಅವ್ವನದೇ ನೆನಪು. ಅವಳ ಅವ್ವ ಶಾಲುಬಾಯಿ ಔರಾದದ ಕಚೇರಿಯಲ್ಲಿ ಇದೇ ಓಂಪ್ರಕಾಶನ ಕಸಬರಗಿ ಹಿಡಿದವಳು. ಸಂಡಾಸದ ದಾರಿ ದೂರವೆಂದು ನೀರನ್ನೇ ಬಿಟ್ಟು, ಹೋದ ಬೇಸಿಗೆಯಲ್ಲಿ ಉರಿಮೂತ್ರ ಹತ್ತಿ, ಮೂರು ದಿನ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದಳು. ಈಗ ಎರಡು ಓಣಿ ಆಚೆ ಸುಭದ್ರಾಬಾಯಿ ಅನ್ನುವ ಪುಣ್ಯಾತ್ಗಿತ್ತಿ ತನ್ನ ಮನೆಯ ಸಂಡಾಸ ಬಿಟ್ಟುಕೊಡುತ್ತಾಳೆ. ಹೋಗಿ, ಪಾಳಿ ಹಚ್ಚಿ, ಬರಲು ಇಪ್ಪತ್ತು ನಿಮಿಷ. ಆ ಹದ್ದು ಬಿದ್ದಿತೋ, ಅದೂ ಹೋಯಿತು.

ಮಗಳ ಮಾತು ಕೇಳಿ ಶಾಲುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೇಳ್ದಷ್ಟು ಮಾಡು ಅಂದ್ನಾ?”

“ಹೂಂ ಅವ್ವ.”

“ಮಾಡು ಮತ್ತ. ಬರೊಬ್ಬರಿ ಹೇಳ್ದಷ್ಟು. ಒಂದ್ ಕೂದಲ ಹೆಚ್ಚಿಲ್ಲ, ಒಂದ್ ಕೂದಲ ಕಡಿಮಿಲ್ಲ.”

ಮರುದಿನ ಮಹಾಮಾಯಾ ಹೆಸರುಗಳ ಯಾದಿ ಮಾಡಿ ಅವನ ಮುಂದಿಟ್ಟಳು. ಮೊದಲ ಹೆಸರು ಭಾಲ್ಕಿಯ ಗೌಹರಳದು. ನೋಡಿದವನೇ ಓಂಪ್ರಕಾಶ ಖುರ್ಚಿಯಿಂದ ಹಾರಿದ.

“ನನ್ನ ಕಂಪನಿ ಯಾದ್ಯಾಗ ನನ್ನ ಹೆಸರೆಲ್ಲಿ?”

ಇಲ್ಲೊಂದು ಸಂಗತಿ ಹೇಳಲೇಬೇಕು. ಈ ಮನುಷ್ಯನ ಪ್ರಾಣ ಇರುವುದು ಎದೆಯಲ್ಲಲ್ಲ, ಯಾದಿಯ ತುದಿಯಲ್ಲಿ. ಲಗ್ನಪತ್ರಿಕೆಯಾಗಲಿ, ಶ್ರದ್ಧಾಂಜಲಿಯ ಬ್ಯಾನರಾಗಲಿ, ಮೊದಲು ತನ್ನ ಹೆಸರಿರಬೇಕು. ಓಣಿಯ ನೀರಿನ ಟಾಕಿಯ ಕಲ್ಲಿನಲ್ಲಿ ಮೂರನೆಯವನಾದನೆಂದು ಆ ಕಲ್ಲನ್ನೇ ಕೀಳಿಸಿ ಹೊಸದು ಕೊರೆಸಿದ್ದ.

“ಸಾವ್ಕಾರ್ರ, ಇದು ಕಾಯೋ ಯಾದಿ ಅದರಿ. ಇದರಾಗ ಹೆಸರು ಬಂದ್ರ ನಿಮಗೂ ಅದೇ ಕಾನೂನ್ ಹತ್ತತದ.”

“ಕಾನೂನ್ ಮಾಡಾಂವ ನಾನೇ ಇದ್ದೀನಿ! ಬರಿ, ಶ್ರೀಮಾನ್ ಓಂಪ್ರಕಾಶ, ಮಾಲೀಕರು. ದಪ್ಪ ಅಕ್ಷರದಾಗ. ಮೊದಲ್ ನನ್ನ ಫೋನಿಗಿ ಹಾಕು. ಈ ಹಲ್ಕಟ್ ಹೆಂಗಸರಿಗಿ ಬರೋ ಸೋಮವಾರ ಇಲ್ಲೇ ಕರಿಸಿ ಹಾಕೋಣು.”

ಒಂದೇ ಹೆಸರಿಗೆ ಬೇರೆ ನಿಯಮ ಕೊಡುವ ಗುಂಡಿಯೂ ಅದರಲ್ಲಿತ್ತು. ಮಹಾಮಾಯಾ ಅದನ್ನು ನೋಡಿದ್ದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಓಂಪ್ರಕಾಶನಿಗೆ ಸಕ್ಕರೆ ಬ್ಯಾನಿ. ತಾಸಿಗೊಮ್ಮೆ ಏಳಲೇಬೇಕು. ಅವನ ಖುರ್ಚಿಯಿಂದ ಹತ್ತು ಹೆಜ್ಜೆಗೆ ಆಫೀಸಿನ ಸಂಡಾಸವಿದೆ. ಆದರೆ ಬೀದರಿನ ಕೆಲಸದ ಹೆಂಗಸರು ಅದಕ್ಕೆ ಹೋಗುತ್ತಾರಲ್ಲ! ಅವರು ಕೂತಲ್ಲಿ ಇವನು ಕಾಲಿಟ್ಟರೆ ಮಡಿ ಎಲ್ಲಿ ಉಳಿದೀತು? ಹಾಗಾಗಿ ಪ್ರತಿ ಸಲ ಸ್ಕೂಟರ್ ಹತ್ತಿ ಮನೆಗೆ ಹೋಗುತ್ತಾನೆ. ಹೋಗಿ ಬರಲು ಪಾವು ತಾಸು, ಅಂದರೆ ಹದಿನೈದು ನಿಮಿಷ.

ಮೊದಲ ದಿನವೇ ಅಂಗಿಯ ಕಿಸೆಯಲ್ಲಿದ್ದ ಫೋನು ನಡುರಸ್ತೆಯಲ್ಲಿ “ಹದ್ದು ಮೀರಿದೆ! ಹದ್ದು ಮೀರಿದೆ!” ಅಂತ ಒದರತೊಡಗಿತು. ಎದುರಿಗೆ ಬರುತ್ತಿದ್ದ ಆಟೋದ ಬಾಬುಮಿಯಾ, ಅಂಬುಲೆನ್ಸ್ ಬಂತೆಂದು ಗಾಡಿ ಪಕ್ಕಕ್ಕೆಳೆದು ನಿಂತ. ಮರುದಿನ ಫೋನನ್ನು ಮೇಜಿನ ಮೇಲೆ ಬಿಟ್ಟು ಹೋದ. ಅದು ಮುಖ ಕೇಳಿತು, ಮುಖ ಇರಲಿಲ್ಲ, ಗೈರಹಾಜರಿ. ಮೂರನೆಯ ದಿನ ಬಂದ್ ಮಾಡಿದ, ಗೈರಹಾಜರಿ. ಮಹಾಮಾಯಾಳನ್ನು ಕೇಳಲು ನಾಚಿಕೆ. ಏನಂತ ಕೇಳಿಯಾನು?

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ದಿನಾ ಸಂಜೆ ಹಾಜರಿ ತನ್ನಿಂದ ತಾನೇ ನಿಮಗೆ ಮುಟ್ಟುತ್ತದೆ ಅಂತ ಗುತ್ತೆ ಕೊಟ್ಟ ಭಾಲ್ಕಿ ಕಚೇರಿಯ ಸಾಹೇಬರಿಗೆ ಇವನೇ ಎದೆಯುಬ್ಬಿಸಿ ಮಾತು ಕೊಟ್ಟಿದ್ದ. ಮುಟ್ಟುತ್ತಲೇ ಇತ್ತು. ಸೋಮವಾರ ಮುಂಜಾನೆ ಸಾಹೇಬರ ಫೋನು ಬಂತು.

“ಏನ್ರೀ, ನಿಮ್ಮ ಯಾದ್ಯಾಗ ಮೊದಲ್ನೇ ಆಸಾಮಿನೇ ವಾರ ಪೂರ್ತಿ ಗೈರಹಾಜರಿ? ಮಾಲೀಕನೇ ಕಾಣ್ಸಂಗಿಲ್ಲಂದ್ರ ಕೆಲಸ ಯಾರ್ ಮಾಡಸ್ತಾರ? ಇನ್ನೊಂದು ದಿನ ಹಿಂಗ ಬಂದ್ರ ನಿಮ್ಮ ಗುತ್ತೆ ನಾ ಮುಂದುವರಸಂಗಿಲ್ಲ, ನೋಡ್ರಿ.”

ಓಂಪ್ರಕಾಶ ಒಳಕೋಣೆಯಿಂದ ಹೊರಬಂದ. ಹಾಲಿನಲ್ಲಿ ಜಮಖಾನೆಯ ಮೇಲೆ ಔರಾದದವರು, ಭಾಲ್ಕಿಯವರು, ಇಪ್ಪತ್ತು ಹೆಂಗಸರು ಫೋನು ಹಿಡಿದು ಕೂತಿದ್ದರು.

“ಏ ಮಹಾಮಾಯಾ, ನನ್ನ ಹೆಸರು ತೆಗಿ.”

“ತೆಗಿಲಿಕ್ಕ ಬರಂಗಿಲ್ರಿ. ಯಾದಿ ಒಂದೇ. ತೆಗದ್ರ ಎಲ್ಲಾರ್ದೂ ತೆಗಿಬೇಕು.”

ಹಸಿ ಸುಳ್ಳು. ಹೇಳಿದ ಮೇಲೆ ಮಹಾಮಾಯಾಳಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಸಲ ಹೇಳೋಣ ಅನ್ನಿಸಿತು.

“ಬೋಸುಡಿ, ಯಾರ್ ಮುಂದ...” ಮಾತು ಅರ್ಧಕ್ಕೇ ನಿಂತಿತು. ಓಂಪ್ರಕಾಶ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಒತ್ತಿ ನಿಂತ. ಬೆಳಿಗ್ಗೆಯಿಂದ ಗುತ್ತೆಯ ಚಿಂತೆಯಲ್ಲಿ ಮೂರು ಚಹಾ ಕುಡಿದಿದ್ದ. ಕೈ ಸ್ಕೂಟರಿನ ಚಾವಿಗೆ ಹೋಯಿತು, ಫೋನು ನೆನಪಾಯಿತು, ಕೈ ಹಿಂದೆ ಬಂತು.

“ಸಾವ್ಕಾರ್ರ,” ಗೌಹರ ಸೆರಗು ಬಾಯಿಗೆ ಹಿಡಿದು ಅಂದಳು, “ಮನ್ಯಾಗ ಮುಗಿಸ್ಕೊಂಡ್ ಬರ್ಬೇಕಾಗಿತ್ತರಿ.”

ಆ ಮಾತು ಔರಾದದಿಂದ ಭಾಲ್ಕಿಯವರೆಗೆ ಎಂದೋ ಮುಟ್ಟಿತ್ತು. ಇಪ್ಪತ್ತೂ ಜನ ಒಮ್ಮೆಲೇ ನಕ್ಕರು.

“ಮುಚ್ರಿ ಬಾಯಿ! ಏ ಹುಡ್ಗಿ, ಹಾಳಾಗ್ಲಿ, ಆ ಎರಡನೇದ್ದು ಹಾಕು. ಎಲ್ಲಾರಿಗೂ ಅದನ್ನೇ ಹಾಕು!”

“ಬರದು ಸಹಿ ಮಾಡ್ರಿ ಸಾವ್ಕಾರ್ರ. ನಾಳಿ ನೀವೇ ನಂಗ ಬೈತೀರಿ.”

ಕಾಗದ ತಯಾರಿತ್ತು. ಮೂರನೆಯದು ಬೇಡ, ಹದ್ದು ಬೇಡ, ಎರಡನೆಯದೇ ಸಾಕು ಅಂತ. ಓಂಪ್ರಕಾಶ ಅದನ್ನು ಗೋಡೆಗೆ ಒತ್ತಿ, ಕುಣಿಯುತ್ತಲೇ ಸಹಿ ಎಳೆದು, ಪೆನ್ನು ಎಸೆದು ಓಡಿದ. ಮನೆಗಲ್ಲ, ಆಫೀಸಿನ ಸಂಡಾಸಕ್ಕೇ, ಹತ್ತು ಹೆಜ್ಜೆ. ಬಾಗಿಲು ಧಡ್ಡನೆ ಬಿತ್ತು.

ಬಹಳ ಹೊತ್ತಿನ ಮೇಲೆ ಹೊರಬಂದವನ ಮುಖದಲ್ಲಿ ಹೋದ ಜೀವ ಬಂದಿತ್ತು. ಅದರ ಜೊತೆಗೆ ಹಳೆಯ ದನಿಯೂ ಬಂತು.

“ಏ ಶಾಲುಬಾಯಿ, ಏಳು. ಒಳಗ ನೀರ್ ಹಾಕು.”

ಶಾಲುಬಾಯಿ ಏಳಲಿಲ್ಲ. ಪಕ್ಕದವರೂ ಏಳಲಿಲ್ಲ. ಗೌಹರ ಕಾಲು ಚಾಚಿ ಗೋಡೆಗೆ ಆತು ಕೂತಳು.

“ನಾವು ಇವತ್ತ ಫೋನ್ ಕೆಲಸಕ್ಕ ಬಂದೀವ್ರಿ,” ಶಾಲುಬಾಯಿ ಅಂದಳು. “ಬಕೀಟ ಬಾಗಲ ಹಿಂದ ಅದ. ನಳ ಜರಾ ಗಟ್ಟಿ ಅದ, ಎಡಕ್ಕ ತಿರುವ್ರಿ.”

ಓಂಪ್ರಕಾಶ ಒಬ್ಬೊಬ್ಬರ ಮುಖ ನೋಡಿದ. ಯಾರೂ ಕಣ್ಣು ಕೆಳಗಿಳಿಸಲಿಲ್ಲ. ಮಹಾಮಾಯಾ ಸಹಿಯ ಕಾಗದವನ್ನು ಮಡಚಿ ಕುಪ್ಪಸದೊಳಗಿಟ್ಟು, ಅವ್ವನ ಮುಂದೆ ಕೈಚಾಚಿ ಕೂತಳು.

ಒಳಗೆ ನಳ ಬಿಟ್ಟ ಸಪ್ಪಳ ಕೇಳಿದ ಮೇಲೆಯೇ ಶಾಲುಬಾಯಿ ತನ್ನ ಫೋನನ್ನು ಮಗಳ ಕೈಗೆ ಕೊಟ್ಟಳು.