ಆರೂವರೆಯ ಅಕ್ಷರಗಳು

ಶಾಮಿಯಾನ ಕಟ್ಟಲು ಏಣಿ ಹತ್ತಿದವನು ಅಡ್ಡ ಬಂದ ತಂತಿಗೆ ಕಟಿಂಗ್ ಪ್ಲೇಯರ್ ಹಾಕುವಷ್ಟರಲ್ಲಿ ಹುಲಿಗೆಪ್ಪ ಕೆಳಗಿನಿಂದ ಏಣಿ ಹಿಡಿದು ಅಲ್ಲಾಡಿಸಿದ.

“ಇಳಿಯಪಾ ಕೆಳಗ. ಅದು ಅರಿವಿ ಒಣಹಾಕೋ ತಂತಿ ಅಲ್ಲ.”

ಅದು ಮುನಿಆಂಜನಪ್ಪನ ರೇಡಿಯೋ ಏರಿಯಲ್. ತಾರಸಿಯ ಕಂಬದಿಂದ ಮೂಲೆಯ ತೆಂಗಿನ ಮರಕ್ಕೆ ಎಳೆದು ಕಟ್ಟಿದ್ದು. ಹದಿನೈದು ವರ್ಷದ ಹಿಂದೆ ಆ ಮರ ಹತ್ತಿದವನು ಹುಲಿಗೆಪ್ಪನೇ. ಈಗ ಆ ತಂತಿಯ ಕೆಳಗೆ, ಹಲಸೂರಿನ ತನ್ನ ಮನೆಯಂಗಳದಲ್ಲಿ, ಮುನಿಆಂಜನಪ್ಪ ಕುತ್ತಿಗೆಯವರೆಗೂ ಬಿಳಿ ಪಂಚೆ ಹೊದ್ದು ಮಲಗಿದ್ದ. ಹಿಂದಿನ ದಿನ ಸಂಜೆ ಜೀವ ಹೋಗಿತ್ತು. ಹೆಂಡತಿ ಆಂಜನಮ್ಮ ತಲೆಯ ಬಳಿ ಕೂತಿದ್ದಳು.

ಮನೆಯಿಂದಲೇ ರೇಡಿಯೋದಲ್ಲಿ ಮಾತಾಡಿಕೊಳ್ಳುವ ಹವ್ಯಾಸದವರ ಹ್ಯಾಮ್ ರೇಡಿಯೋ ಕ್ಲಬ್ಬಿನ ನಾಲ್ಕೈದು ಮಂದಿ ಬೆಂಚಿನ ಮೇಲಿದ್ದರು. ಹುಲಿಗೆಪ್ಪ ಅವರ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ಗೆಳೆಯನ ಕೊನೆಯ ಮಾತು ತನ್ನ ಜೊತೆಗೇ ಆಯಿತೆಂಬುದು ಆ ದುಃಖದಲ್ಲೂ ಅವನಿಗೆ ಒಂದು ಹೆಮ್ಮೆಯಾಗಿತ್ತು.

“ನಿನ್ನೆ ಮುಂಜಾನಿ ಆರೂವರಿಗೆ ನನ್ನ ಕೂಡ ಮಾತಾಡ್ಯಾನ್ರಿ. ಉಪ್ಪಿಟ್ಟು ಇವತ್ತೂ ತಳ ಹಿಡಿಸಿದ್ಯಾ ಅಂತ ಚಾಷ್ಟಿ ಮಾಡಿದ.”

ಎದುರುಮನೆಯ ಚಾಂದ್ ಬೀ ಟೀ ಹಂಚುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬೆಳಗಿನಿಂದ ಮೂರನೆಯ ಸಲ ತನ್ನ ಮನೆಯಿಂದ ಕೆಟಲ್ ತಂದಿದ್ದಳು. ಆ ಮಾತು ಕೇಳಿ ನಿಂತಳು.

“ಮಾತಾಡಿದ್ರಾ? ಯಾವ ಬಾಯಲ್ಲಿ ಭಾಯ್? ಸ್ಟ್ರೋಕ್ ಹೊಡೆದು ಹದಿನಾಲ್ಕು ತಿಂಗಳಾಯ್ತು. ಮಾತಿಲ್ಲ, ಬಲಗೈ ಇಲ್ಲ. ಸೊಸೆ ಹಂಸಾಗೆ ಜ್ವರ ಬಂದಾಗ ನಾನೇ ಗಂಜಿ ಕುಡಿಸಿದೀನಿ.”

ಹುಲಿಗೆಪ್ಪ ಆಂಜನಮ್ಮನ ಕಡೆ ನೋಡಿದ. ಆಕೆ ಕಣ್ಣು ತಗ್ಗಿಸಿದಳು. ತಾನೇನು ಹೇಳಿದೆನೆಂದು ತಿಳಿಯದ ಚಾಂದ್ ಬೀ, ಅವನ ಲೋಟದಲ್ಲಿ ಟೀ ಸಾಲದೆಂದುಕೊಂಡು ಇನ್ನಷ್ಟು ಬಗ್ಗಿಸಿ ಮುಂದೆ ಹೋದಳು.

*

ಅವರಿಬ್ಬರೂ ಮುಖ ನೋಡುವ ಮೊದಲೇ ಗೆಳೆಯರಾಗಿದ್ದರು. ತೊಂಬತ್ತೊಂದರಲ್ಲಿ ತಂತಿ ಕಚೇರಿಯ ನೌಕರ ಮುನಿಆಂಜನಪ್ಪ, ಶಿವಾಜಿನಗರದಲ್ಲಿ ಹುಲಿಗೆಪ್ಪನ ರೇಡಿಯೋ ರಿಪೇರಿ ಅಂಗಡಿಗೆ ಬಂದು, ಕಾಯುವ ಬೇಸರಕ್ಕೆ ನಾಣ್ಯದಿಂದ ಗಾಜಿನ ಮೇಲೆ ಕುಟ್ಟುತ್ತ, ಗೀರುತ್ತ ನಿಂತಿದ್ದ. ಹುಲಿಗೆಪ್ಪನ ಕೈಯ ಸಾಲ್ಡರ್ ಅಲ್ಲೇ ನಿಂತಿತು. ಮೂರು ತಿಂಗಳಿಂದ ಬೆಳಿಗ್ಗೆ ಆರೂವರೆಗೆ ಚುಕ್ಕಿ-ಗೆರೆಗಳ ಸಂಕೇತವಾದ ಮೋರ್ಸ್‌ನಲ್ಲಿ ತನ್ನ ಜೊತೆ ಮಾತಾಡುತ್ತಿದ್ದ ಕೈ ಅದು. ಪದದ ಕೊನೆಯ ಗೆರೆಯನ್ನು ಕೂದಲೆಳೆಯಷ್ಟು ಎಳೆಯುತ್ತಿತ್ತು. ಒಬ್ಬೊಬ್ಬರ ದನಿ ಬೇರೆ ಇರುವಂತೆ ಮೋರ್ಸ್ ಕೀಲಿ ಒತ್ತುವ ಒಬ್ಬೊಬ್ಬರ ಕೈಯೂ ಬೇರೆ. ಆಮೇಲೆ ಹನ್ನೆರಡು ವರ್ಷ ಆ ಕೈಯಿಂದಲೇ ಅವನಿಗೆ ಎಲ್ಲ ತಿಳಿಯುತ್ತಿತ್ತು: ಗೆಳೆಯನಿಗೆ ನೆಗಡಿಯಾಗಿದೆ, ಹೆಂಡತಿಯೊಡನೆ ಜಗಳವಾಗಿದೆ, ನಿದ್ದೆ ಆಗಿಲ್ಲ.

ಎರಡು ಸಾವಿರದ ಮೂರರಲ್ಲಿ ಮುನಿಆಂಜನಪ್ಪನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ರೇಡಿಯೋಗೆ ಅದನ್ನು ಜೋಡಿಸಿ ಟೈಪ್ ಮಾಡಿದರೆ ಗಾಳಿಯಲ್ಲಿ ಹೋಗುವುದು ಒಂದು ಸಣ್ಣ ನಡುಗುವ ಶಿಳ್ಳೆ. ಆ ಕಡೆಯ ಕಂಪ್ಯೂಟರ್ ಅದನ್ನು ಓದಿ ತೆರೆಯ ಮೇಲೆ ಅಕ್ಷರ ಮೂಡಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆಯಬಹುದು. ಎಷ್ಟು ಗದ್ದಲವಿದ್ದರೂ ಕೆಡುವುದಿಲ್ಲ.

“ಇದರಾಗ ಕೈ ಎಲ್ಲೈತೋ?” ಎಂದು ಹುಲಿಗೆಪ್ಪ ತಕರಾರು ತೆಗೆದಿದ್ದ.

“ಕೈ ತೊಳ್ಕೊಂಡ್ಬಿಡು. ವಯಸ್ಸಾಯ್ತಲ್ಲ” ಎಂದು ಮುನಿಆಂಜನಪ್ಪ ನಕ್ಕಿದ್ದ.

ಗೆಳೆಯನನ್ನು ಬಿಡಲಾರದೆ ಹುಲಿಗೆಪ್ಪ ಎಸ್.ಪಿ. ರಸ್ತೆಯಿಂದ ಹಳೆಯ ಕಂಪ್ಯೂಟರೊಂದನ್ನು ರಾಮಮೂರ್ತಿ ನಗರದ ತನ್ನ ಬಾಡಿಗೆ ಕೋಣೆಗೆ ಹೊತ್ತು ತಂದ. ಹೆಂಡತಿ ತೀರಿಕೊಂಡು ಆ ಕೋಣೆಯಲ್ಲಿ ಅವನೊಬ್ಬನೇ. ಈಚಿನ ಒಂದು ವರ್ಷದಿಂದ ಮುನಿಆಂಜನಪ್ಪ ಮೆತ್ತಗಾಗತೊಡಗಿದ್ದ. ಮೋರ್ಸ್‌ನಲ್ಲಿ ಒಂದು ದಿನವೂ ಕೇಳದವನು ಈಗ ದಿನಾ ತಿಂಡಿ ಏನು, ಮಂಡಿನೋವು ಹೇಗಿದೆ ಎಂದು ಕೇಳುತ್ತಿದ್ದ. ವಯಸ್ಸು ಮನುಷ್ಯನನ್ನು ಹದ ಮಾಡುತ್ತದೆ ಎಂದುಕೊಂಡ ಹುಲಿಗೆಪ್ಪ. ಎರಡು ಸಲ ಮನೆಗೆ ಬರುತ್ತೇನೆಂದಾಗ ಸುಣ್ಣ ಬಳಿಸುತ್ತಿದ್ದೇವೆ, ನೆಂಟರಿದ್ದಾರೆ ಎಂಬ ಉತ್ತರ ಬಂತು. ದಿನಾ ಮಾತಾಡುವವರಿಗೆ ನೋಡಲೇಬೇಕೆಂಬ ಅವಸರ ಇರಲಿಲ್ಲ.

ಕಳೆದ ಶ್ರಾವಣದಲ್ಲಿ ಹುಲಿಗೆಪ್ಪ ಯಾರಿಗೂ ಹೇಳದ್ದನ್ನು ಬರೆದ. ಮಗಳು ಜಯಮಾಲಾ ತಾನೇ ಮೆಚ್ಚಿದವನನ್ನು ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಾಳೆ, ಆರು ವರ್ಷದಿಂದ ಮುಖ ನೋಡಿಲ್ಲ, ಈಗ ಹೆಣ್ಣುಮಗು ಹುಟ್ಟಿದೆಯಂತೆ. ತೆರೆಯ ಮೇಲೆ ಅಕ್ಷರಗಳು ಬಂದವು: “ಇವತ್ತೇ ಹೋಗು. ಅವಳು ಬಾಗಿಲು ನೋಡ್ತಾ ಕೂತಿರ್ತಾಳೆ.”

ಹೇಳಿದವನು ಮುನಿಆಂಜನಪ್ಪನಾದ್ದರಿಂದ ಅವನು ಹೋದ.

*

ತಾರಸಿಯ ಕೋಣೆಯಲ್ಲಿ ಸೊಸೆ ಹಂಸ ಕಂಪ್ಯೂಟರಿನ ಮುಂದೆ ನಿಂತಿದ್ದಳು. ಹುಲಿಗೆಪ್ಪ ಬರುತ್ತಾನೆಂದು ಗೊತ್ತಿತ್ತೇನೋ, ಕುರ್ಚಿಯನ್ನು ಒರೆಸಿಟ್ಟಿದ್ದಳು. ಅವನು ಕೂರಲಿಲ್ಲ.

ಅವಳೇ ಹೇಳಿದಳು. ಆಸ್ಪತ್ರೆಯಿಂದ ಕರೆತಂದ ಮರುದಿನ ಆರೂವರೆಗೆ ತೆರೆಯ ಮೇಲೆ ಹುಲಿಗೆಪ್ಪನ ಅಕ್ಷರಗಳು ಮಾವನನ್ನು ಕರೆಯುತ್ತಿದ್ದವಂತೆ. ಶಿಳ್ಳೆ ಕೇಳಿ ಮಾವ ಮಂಚದಲ್ಲಿ ಒದ್ದಾಡಿದರಂತೆ. ಅವರು ಮಾಡುವುದನ್ನು ನೋಡಿದ್ದ ಅವಳು, ಬರ್ತೀನಿ ಇರು ಎಂದು ಒತ್ತಿದಳು. ಮಾವ ಸುಮ್ಮನಾದರು. ಬಾಯಿ ಸೊಟ್ಟಗಾದ ಗಂಡನನ್ನು ಎದುರುಮನೆಯವರ ಹೊರತು ಯಾರೂ ನೋಡಕೂಡದೆಂದು ಅತ್ತೆ ಹಟ ಹಿಡಿದಿದ್ದರು. ಒಂದು ದಿನ ಎರಡಾಯಿತು, ಆಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ಹುಲಿಗೆಪ್ಪ ಕೇಳಿದ್ದು ಒಂದನ್ನೇ.

“ನನ್ನ ಮಗಳ ಸುದ್ದಿ ಅವಂಗ ಓದಿ ಹೇಳಿದ್ಯಾ?”

“ಹೇಳ್ದೆ ಅಂಕಲ್.”

“ಹೋಗು ಅಂತ ಅವನಽ ಸನ್ನಿ ಮಾಡಿದ್ನಾ?”

ಹೌದು ಎನ್ನಲಿ ಎಂದು ಅವನು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಿದ್ದ. ಅವಳಿಗೂ ಅದು ಅರ್ಥವಾಯಿತು. ಆದರೂ ಇದ್ದದ್ದನ್ನೇ ಹೇಳಿದಳು.

“ಆಗ್ಲೇ ಮಾವಂಗೆ ನಿಮ್ ಹೆಸ್ರು ಹೇಳಿದ್ರೂ ಗೊತ್ತಾಗ್ತಿರ್ಲಿಲ್ಲ. ಅದು ನಾನೇ ಬರೆದಿದ್ದು.”

“ಅವನ ಹೆಸರ್ಲೆ ಬರದಿ.”

“ನಾನು ಹೇಳಿದ್ರೆ ನೀವು ಹೋಗ್ತಿದ್ರಾ?”

ಹುಲಿಗೆಪ್ಪ, ತನ್ನ ಬಾಡಿಗೆ ಕೋಣೆಯಲ್ಲಿ ಕೂತು ತಾನು ಅತ್ತದ್ದು, ನಕ್ಕದ್ದು ಎಲ್ಲ ಯಾರೆದುರಿಗೆ ಎಂದು ಲೆಕ್ಕ ಹಾಕುತ್ತಿದ್ದ. ಮೋರ್ಸ್ ಆಗಿದ್ದರೆ ಮೊದಲ ಚುಕ್ಕಿಗೇ ಹಿಡಿಯುತ್ತಿದ್ದ. ಇಲ್ಲಿ ಗೆಳೆಯ ಕೀಬೋರ್ಡಿನ ಮುಂದಿನಿಂದ ಎದ್ದುಹೋದ ದಿನಕ್ಕೂ ಹಿಂದಿನ ದಿನಕ್ಕೂ ಒಂದೇ ಅಚ್ಚಿನ ಅಕ್ಷರ.

ಕ್ಲಬ್ಬಿನ ಕಾರ್ಯದರ್ಶಿ ಮುನಿರಾಜಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅವರ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಸದಸ್ಯನೊಬ್ಬ ತೀರಿಕೊಂಡರೆ, ಶವ ಎತ್ತುವ ಮೊದಲು ಅವನ ರೇಡಿಯೋದಿಂದಲೇ ಅವನ ಹೆಸರನ್ನು ಮೂರು ಸಲ ಕರೆದು, ಪ್ರತಿ ಸಲವೂ ಒಂದು ನಿಮಿಷ ಉತ್ತರಕ್ಕೆ ಕಾಯುವುದು. ಕರೆಯುವವನು ಅವನ ಜೊತೆ ಕೊನೆಗೆ ಮಾತಾಡಿದವನೇ ಆಗಿರಬೇಕು.

“ಕಲ್ಪಳ್ಳಿ ಸ್ಮಶಾನಕ್ಕೆ ಹೋಗೋ ವ್ಯಾನ್ ಬಂದಿದೆ. ನೀನೇ ಕರಿ ಗುರು.”

ಮೇಜಿನ ಮೂಲೆಯಲ್ಲಿ ಮೋರ್ಸ್ ಕೀಲಿ ಬಟ್ಟೆ ಹೊದ್ದಿತ್ತು. ಹುಲಿಗೆಪ್ಪ ಅತ್ತ ಕೈ ಚಾಚಿ ಹಿಂದಕ್ಕೆಳೆದುಕೊಂಡ.

“ನಾನು ಅವನ ಕೂಡ ಮಾತಾಡಿ ಹದಿನಾಲ್ಕು ತಿಂಗಳಾತು. ಅವನ ಹೆಸರ್ಲೆ ಕೊನೀಗೆ ಮಾತಾಡಿದಾಕಿ ಈಕಿ. ಈಕೀನ ಕರೀಲಿ.”

ಹಂಸಳಿಗೆ ರೇಡಿಯೋ ಬಳಸುವ ಲೈಸೆನ್ಸ್ ಇಲ್ಲ. ಮುನಿರಾಜಪ್ಪನಿಗೆ ಕಾನೂನು ಬಾಯಿಪಾಠ. ಅವನು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಕುರ್ಚಿಯನ್ನು ಅವಳ ಕಡೆಗೆ ಸರಿಸಿ, ಕನ್ನಡಕ ತೆಗೆದು, ಕಿಟಕಿಯತ್ತ ತಿರುಗಿ ನಿಧಾನವಾಗಿ ಒರೆಸತೊಡಗಿದ.

ಹುಲಿಗೆಪ್ಪ ಕೆಳಗಿಳಿದ. ಅಂಗಳದಲ್ಲಿ ಕ್ಲಬ್ಬಿನವರು ಶವದ ಪಕ್ಕದಲ್ಲಿ ಒಂದು ರಿಸೀವರ್ ಇಟ್ಟಿದ್ದರು. ಅದರಿಂದ ಶಿಳ್ಳೆ ಎದ್ದಿತು, ತೆಳ್ಳಗೆ, ನಡುಗುತ್ತ. ಗಂಡಸರು ಎದ್ದು ನಿಂತು ತಲೆ ತಗ್ಗಿಸಿದರು. ಮೋರ್ಸ್ ಆಗಿದ್ದರೆ ಅವರೆಲ್ಲರೂ ಕಿವಿಯಿಂದಲೇ ಓದುತ್ತಿದ್ದರು. ಇದನ್ನು ಓದಬಲ್ಲ ಕಿವಿ ಅಲ್ಲಿ ಒಂದೂ ಇರಲಿಲ್ಲ. ಶಿಳ್ಳೆ ನಿಂತಿತು. ಒಂದು ನಿಮಿಷ ಯಾರೂ ಅಲ್ಲಾಡಲಿಲ್ಲ. ಮತ್ತೆ ಎದ್ದಿತು, ಮತ್ತೆ ನಿಂತಿತು.

“ಏನಂತಿದೆ ಅಣ್ಣಾ ಅದು?” ಆಂಜನಮ್ಮ ಹುಲಿಗೆಪ್ಪನನ್ನು ಕೇಳಿದಳು.

ಮೂರನೆಯ ಸಲ ಶಿಳ್ಳೆ ಶುರುವಾದಾಗ ಆಕೆ ಬಾಗಿ, ಗಂಡನ ಗಲ್ಲಕ್ಕೆ ಕಟ್ಟಿದ್ದ ಬಟ್ಟೆಯನ್ನು ಕಿವಿಯಿಂದ ಒಂದಿಷ್ಟು ಸರಿಸಿದಳು.