ಭಾವನ ಅಡಿಕೋಲು

ನಮ್ಮ ಭಾವ ನಡೆಯುವಾಗ ಹಾಸುಗಲ್ಲುಗಳ ನಡುವಿನ ಗೆರೆಯನ್ನು ಎಂದೂ ತುಳಿದವರಲ್ಲ. ಕಲ್ಲಿಗೊಂದು ಹೆಜ್ಜೆ, ಹೆಜ್ಜೆಗೊಂದು ಕಲ್ಲು. ಪರೀಕ್ಷಾ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಂ ಬರೆದು ಫಲಿತಾಂಶದ ಪಟ್ಟಿಗಳನ್ನು ಅಚ್ಚು ಹಾಕಿಸುವುದು ಅವರ ಕೆಲಸ. ಮೊಣಕೈ ಸವೆದ ಬೂದು ಕೋಟಿನ ಜೇಬಿನಿಂದ ಅಡಿಕೋಲೊಂದು ಸದಾ ಇಣುಕುತ್ತಿತ್ತು. ಬಸ್ಸಿನ ಟಿಕೆಟ್ಟಿನ ಮೇಲೂ ಅದನ್ನಿಟ್ಟು, ಅಂಕಿಯ ಕೆಳಗೆ ಅಂಕಿ ಬಾರದಿದ್ದರೆ ನೊಂದುಕೊಳ್ಳುತ್ತಿದ್ದರು. "ನಾನೂ ಸಾಲಲ್ಲಿ ನಿಂತ್ರೆ ತಾನೇ ಇವರ ಕಣ್ಣಿಗೆ ಬೀಳೋದು!" ಎಂದು ಅಕ್ಕ ಛೇಡಿಸುತ್ತಿದ್ದಳು.

ಒಂದು ವರ್ಷ ಕಚೇರಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಮಗಳ ಸಂಖ್ಯೆಯ ಮುಂದೆ ೦೧೨ ಎಂದಿತ್ತು. ಮುಂದಿನ ಓದಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಹುಡುಗಿ ಅಳತೊಡಗಿದಳು. ನಾನು ಒಳಗೋಡಿ ಭಾವನನ್ನು ಕರೆತಂದೆ.

"ಅಳೋದು ಆಮೇಲೆ ಪುಟ್ಟಿ, ಮೊದಲು ಕಾಲಂ ನೋಡೋಣ," ಎಂದು ಅಡಿಕೋಲಿಟ್ಟರು. ಸಾಲು ಕೂದಲೆಳೆಯಷ್ಟೂ ಓರೆಯಿರಲಿಲ್ಲ. ಸಾಲು ಸರಿಯಿದ್ದರೆ ತಪ್ಪು ತಮ್ಮ ಪ್ರೋಗ್ರಾಂನಲ್ಲೇ ಇರಬೇಕೆಂದು ಅವರ ಮುಖ ಬಿಳಿಚಿತು. ಒಳಹೋಗಿ ಅವಳ ಒಂದೊಂದು ವಿಷಯದ ಅಂಕವನ್ನೂ ತಾವೇ ಕೂಡಿ, ಬೆವರೊರೆಸಿಕೊಳ್ಳುತ್ತ ಹೊರಬಂದರು.

"ಸಾವಿರದ ಹನ್ನೆರಡು ಕಣೋ! ಈ ವರ್ಷ ವಿಷಯ ಹೆಚ್ಚಿದ್ದನ್ನ ಮರೆತು, ಮೊತ್ತಕ್ಕೆ ಹಳೇ ಹಾಗೆ ಮೂರಂಕಿಗೆ ಮೂರೇ ಮನೆ ಬಿಟ್ಟಿದ್ದೆ. ಸಾವಿರ ದಾಟಿದವಳು ಇವಳೊಬ್ಬಳೇ. ಪ್ರೋಗ್ರಾಂ ಬರೆದ ಭಾಷೆ ಹಳೇ ಫೋರ್ಟ್ರಾನ್ ಆಗಿದ್ರೆ ಜಾಗ ಸಾಲ್ದು ಅಂತ ಮನೆತುಂಬ ನಕ್ಷತ್ರದ ಗುರುತು ಹಾಕಿ ಬೊಬ್ಬೆ ಹೊಡೀತಿತ್ತು. ಸಿ ಆಗಿದ್ರೆ ಪಕ್ಕದವರನ್ನ ತಳ್ಳಿಯಾದ್ರೂ ಪೂರ್ತಿ ಕೂರ್ತಿತ್ತು. ಈ ಕೋಬಾಲ್ ಮಹಾ ಮರ್ಯಾದಸ್ಥ. ಎಡಗಡೆ ಹೆಚ್ಚಾದ ಅಂಕಿ ಕತ್ತರಿಸಿ, ಏನೂ ಆಗದ ಹಾಗೆ ಸುಮ್ಮನಿರುತ್ತೆ. ಸಾಲು ನೆಟ್ಟಗಿರುತ್ತೆ ಅಂತ ನಾನೇ ಹಟ ಹಿಡಿದು ಅದಕ್ಕೆ ಬದಲಾಯಿಸಿದ್ದು."

ಮೇಲಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡು, ಅಪ್ಪಣೆ ಪಡೆದು ಬಂದರು. ಅಷ್ಟು ಜನರೆದುರಿಗೆ ಪೆನ್ನಿನಿಂದ ೦೧೨ರ ಎಡಕ್ಕೆ, ಕಾಲಮ್ಮಿನ ಗೆರೆಯಾಚೆಗೆ, ದೊಡ್ಡದೊಂದು ಒಂದನ್ನು ಬರೆದು ರುಜು ಹಾಕಿದರು.

"ಮಾವ, ಸಾಲು ಕೆಟ್ಟೋಯ್ತಲ್ಲ!" ಎಂದಳು ಮಗಳು, ಕಣ್ಣೊರೆಸಿಕೊಂಡು ನಗುತ್ತ.

"ಕೆಡ್ಲಿ ಬಿಡೇ. ಓಡು, ಅರ್ಜಿ ಹಾಕು."

ಅಂದು ಅರ್ಜಿ ಕೊಟ್ಟಾದ ಮೇಲೆ ನಾವು ಮೂವರೂ ಹಗುರಾಗಿ ಹಿಂತಿರುಗುವಾಗ ಭಾವ ಹಾಸುಗಲ್ಲಿನ ಗೆರೆಗಳನ್ನು ಸಿಕ್ಕಸಿಕ್ಕಲ್ಲಿ ತುಳಿದರು. ಅಚ್ಚುಕಟ್ಟನ್ನೇ ಪ್ರಾಣವೆಂದು ಬಗೆವವರನ್ನು ಕಂಡರೆ ನನಗೆ ಮೊದಲೆಲ್ಲ ಅಳುಕು; ಅಂದಿನಿಂದ ಅದು ಹೋಯಿತು. ತಮ್ಮ ಗೆರೆಯ ಹೊರಗೆ ಯಾರೋ ಉಳಿದರೆಂದು ತಿಳಿದ ಕೂಡಲೇ ಆ ಗೆರೆಯನ್ನು ತಾವೇ ದಾಟಿ ಬರೆಯಬಲ್ಲವರೂ ಆ ಜಾತಿಯವರಲ್ಲಿ ಇರುತ್ತಾರೆ.