ದವಡೆಯ ಕೆಳಗಿನ ಗಂಟು

ಕಿವಿನೋವು ಎಂದು ಬಂದವರು ಕಿವಿಯನ್ನಷ್ಟೇ ತೋರಿಸುತ್ತಾರೆ. ಮಳವಳ್ಳಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಕೂತಿರುವ ನನಗೆ ಇದರಿಂದ ಬರುವ ಸಿಟ್ಟು ಅಷ್ಟಿಷ್ಟಲ್ಲ. ಆತಗೂರಿನ ದೇವೀರಮ್ಮ ರಾಗಿ ಬಿತ್ತುವಾಗ ಶುರುವಾದ ನೋವನ್ನು ಕೊಯ್ಲು ಮುಗಿಸಿಕೊಂಡು ನನ್ನ ಹತ್ತಿರ ತಂದರು. ಅಲ್ಲಿಯವರೆಗೆ ಊರವರೆಲ್ಲ ಸೇರಿ ಓಲೆಯ ಭಾರವೇ ಕಾರಣ ಎಂದು ತೀರ್ಮಾನಿಸಿದ್ದರು. ಗಂಡ ಇರುವಾಗ ಓಲೆ ಬಿಚ್ಚಿಡುವಂತಿಲ್ಲ. ಹಾಗಾಗಿ ಆಚಾರಿಯಿಂದ ಹಗುರದ ಓಲೆ ಮಾಡಿಸಿ, ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಕಾದಿದ್ದರು.

ಕಿವಿ ಚೊಕ್ಕವಾಗಿತ್ತು. "ಬಾಯಿ ತೆಗೀರಿ" ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿದ್ದ ಮಗ ಚಲುವರಾಜುವನ್ನು ನೋಡಿದರು. ಬಿಟ್ಟಿದ್ದೇನೆ ಎಂದು ಮಗನಿಗೆ ಆಣೆ ಮಾಡಿದ್ದ ಹೊಗೆಸೊಪ್ಪು ಇನ್ನೂ ಒಳಗಿತ್ತು. ಅವನನ್ನು ಆಚೆ ಕಳಿಸಿದೆ.

ನಾಲಿಗೆಯ ಬಲಬದಿಯಲ್ಲಿ, ಸೊಪ್ಪು ಒತ್ತರಿಸಿಕೊಳ್ಳುವ ಜಾಗದಲ್ಲೇ, ಅಂಚು ಗಟ್ಟಿಯಾದ ಹುಣ್ಣು. ನಾಲಿಗೆಗೂ ಕಿವಿಗೂ ಹೋಗುವುದು ಒಂದೇ ನರದ ಕವಲುಗಳು, ಒಂದೇ ನಾಲೆಯ ಎರಡು ತೂಬಿನ ಹಾಗೆ. ಹುಣ್ಣು ಇಲ್ಲಿ, ನೋವು ಅಲ್ಲಿ. ದವಡೆಯ ಕೆಳಗೆ ಬೆರಳಿಟ್ಟು ಒತ್ತಿದೆ. ಗಟ್ಟಿ ಗಂಟೊಂದು ಸಿಕ್ಕಿತು. ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. "ನಾಲಿಗೆಯ ಹೆಚ್ಚು ಭಾಗ ತೆಗೀಬೇಕು, ಮಾತು ಹೋಗಬಹುದು" ಎಂದೆ.

"ಮಾತು ಓದ್ರೆ ಎಂಗವ್ವಾ? ನಮ್ಮೆಜಮಾನ್ರಿಗೆ ಕಣ್ಣು ಕಾಣಾಕಿಲ್ಲ. ನಾನು ಮಾತಾಡ್ದಿದ್ರೆ ನಾನಿವ್ನಿ ಅಂತ ಅವರ್ಗೆ ಎಂಗೆ ಗೊತ್ತಾಯ್ತದೆ?"

"ತೆಗೆಯದಿದ್ದರೆ ನೀವೇ ಇರಲ್ಲ!" ಎಂದು ಗದರಿದೆ. ಗದರದೆ ಇನ್ನೇನು ಮಾಡಲಿ? ಒಪ್ಪಿದರು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆ ಉಳಿದಿದ್ದರಿಂದ ಹೂಂಗುಟ್ಟಬಲ್ಲರು, ಅಷ್ಟೇ. ಆಮೇಲೆ ನನಗೆ ತೋರಿಸಲು ಬಂದಾಗ ಗಂಡ ಅಂಕಯ್ಯನವರೂ ಜೊತೆಗಿದ್ದರು. ಹೆಂಡತಿಯನ್ನು ಏನಾದರೂ ಕೇಳುವಾಗ ಅವರು ಆಕೆಯ ಗಂಟಲ ಮೇಲೆ ಅಂಗೈ ಇಡುತ್ತಿದ್ದರು. ಗಂಟಲು ನಡುಗಿದರೆ ಹೂಂ, ಸುಮ್ಮನಿದ್ದರೆ ಇಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಇಬ್ಬರೂ ತಾವೇ ಕಂಡುಕೊಂಡದ್ದು. ನೋಡಿ ಖುಷಿಯಾಯಿತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಕತ್ತಿನ ಎಡಗಡೆ, ಆಪರೇಷನ್ ಆಗದ ಕಡೆ, ಹೊಸ ಗಂಟು ಬೆರಳಿಗೆ ತಾಗಿತು. ಅದರ ಕೆಳಗೆ ಇನ್ನೊಂದು. ದೇವೀರಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಗಂಡನ ಕಡೆ ಕಣ್ಣು ತೋರಿಸಿ, ಹೇಳಬೇಡ ಎಂದು ತಲೆಯಾಡಿಸಿದರು.

"ಎಂಗೈತವ್ವಾ?" ಅಂಕಯ್ಯ ಕೇಳಿದರು.

"ಚೆನ್ನಾಗಿದ್ದಾರೆ" ಎಂದೆ. ಇಂಥ ಸುಳ್ಳು ಹೇಳುವ ಡಾಕ್ಟರುಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಅಂಕಯ್ಯ ಕೈ ಚಾಚಿ ಹೆಂಡತಿಯ ಕತ್ತು ಹುಡುಕಿದರು. ಬೆರಳು ನೇರ ಹೋಗಿ ಆ ಗಂಟಿನ ಮೇಲೇ ನಿಂತಿತು.

"ಇದು ಬಂದು ಬೋ ದಿನಾಯ್ತು ಕಣವ್ವ. ಇವಳು ಎದರ್ಕತಾಳೆ ಅಂತ ನಾನೇ ಏಳ್ನಿಲ್ಲ."

ದೇವೀರಮ್ಮನ ಗಂಟಲು ಆ ಅಂಗೈ ಕೆಳಗೆ ನಡುಗುತ್ತಲೇ ಇತ್ತು. ಅಂಕಯ್ಯ ಏನನ್ನೂ ಕೇಳಿರಲಿಲ್ಲ.